ಸಹಿ ಹಾಕುವ ಮೊದಲು ಕಾಂಪೌಂಡ್ ನೋಡಿ

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಗಂಡನಿಗೆ ಬೈಕಂಪಾಡಿಯಲ್ಲಿ ಕೆಲಸ, ನಾನು ಮಂಗಳೂರಿನಲ್ಲಿ ಟೀಚರ್. ಬಜಪೆ ದಾಟಿ ಒಂದು ಲೇಔಟಿನಲ್ಲಿ ಹತ್ತು ಸೆಂಟ್ಸ್ ಜಾಗ ತಗೊಂಡು ಮನೆ ಕಟ್ಟಿದ್ದೇವೆ. ಮೊದಲು ಅದು ಗದ್ದೆಯಾಗಿತ್ತಂತೆ. ಪಕ್ಕದಲ್ಲಿ ಒಬ್ಬರು ಅಕ್ಕ ಈಗಲೂ ಭತ್ತ ಬೆಳೆಯುತ್ತಾರೆ, ದನ ಸಾಕಿದ್ದಾರೆ. ನಮಗೆ ಹಾಲು ಅವರದ್ದೇ. ಲೇಔಟಿಗೆ ಕಾಂಪೌಂಡ್ ಎದ್ದ ಮೇಲೆ ಕಳೆದ ಮಳೆಗಾಲ ಅವರ ನಾಟಿಯೆಲ್ಲ ನೀರಲ್ಲಿ ನಿಂತು ಕೊಳೆಯಿತು. ಆಮೇಲೆ ಅವರು ಮಾತು ಬಿಟ್ಟಿದ್ದಾರೆ. ಹಾಲು ಗೇಟಿನ ಹತ್ತಿರ ಇಟ್ಟು ಹೋಗುತ್ತಾರೆ. ಪಾಪ ಅನಿಸಿ ನಾನು ಅರ್ಧ ಲೀಟರ್ ಜಾಸ್ತಿ ತಗೊಳ್ಳುತ್ತಿದ್ದೇನೆ. ಈಗ ಲೇಔಟಿನ ಸಂಘದವರು ದನದ ಹಟ್ಟಿಯ ವಾಸನೆ, ನೊಣ ಅಂತ ಪಂಚಾಯತಿಗೆ ದೂರು ಬರೆದು ಸಹಿ ಕೇಳುತ್ತಿದ್ದಾರೆ. ಸಂಘದ ಕಾರ್ಯದರ್ಶಿ ನನ್ನ ಗಂಡನೇ! ‘ಅವರೂ ಮಾರಿದರೆ ಕೈತುಂಬ ದುಡ್ಡು ಬರುತ್ತೆ, ಯಾಕೆ ಹಟ?’ ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಸಹಿ ಹಾಕಬೇಡಿ. ಹಾಗಂತ ತಲೆನೋವು, ಪೇಪರ್ ಕರೆಕ್ಷನ್ ಅಂತ ನೆಪ ಹೇಳಿ ಜಾರಿಕೊಳ್ಳಲೂ ಬೇಡಿ. ಇವತ್ತು ರಾತ್ರಿಯೇ ಗಂಡನಿಗೆ ನೇರವಾಗಿ ಹೇಳಿ: ‘ಕಾಂಪೌಂಡಿನ ವಿಷಯ ಮುಗಿಯುವ ತನಕ ನಾನು ಸಹಿ ಹಾಕುವುದಿಲ್ಲ.’ ಕಾರ್ಯದರ್ಶಿಯ ಹೆಂಡತಿಯೇ ಸಹಿ ಹಾಕಿಲ್ಲ ಎಂದು ಅವರಿಗೆ ಬೇರೆಯವರ ಬಾಯಿಂದ ಗೊತ್ತಾದರೆ ಜಗಳ ದೊಡ್ಡದಾಗುತ್ತದೆ. ಆ ಅರ್ಧ ಲೀಟರನ್ನೂ ನಿಲ್ಲಿಸಿ. ಅಕ್ಕನಿಗೆ ಹೋದದ್ದು ಒಂದು ಬೆಳೆ, ಅದಕ್ಕೆ ಹಾಲಿನ ಲೆಕ್ಕದಲ್ಲಿ ಪರಿಹಾರ ಕೊಡಲು ಆಗುವುದಿಲ್ಲ.

ಗಂಡನಿಗೆ ಏನು ಹೇಳಬೇಕು ಎಂದು ಗೊತ್ತಿರಲಿ. ನಿಮ್ಮ ದಾವಣಗೆರೆಯಲ್ಲಿ ಭತ್ತದವರು ಭದ್ರಾ ಕಾಲುವೆಗೆ ನೀರು ಬಿಡುವುದನ್ನೇ ಕಾಯುತ್ತಾರೆ. ಇಲ್ಲಿ ಉಲ್ಟಾ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ನೀರನ್ನು ಕಳಿಸುವುದೇ ಇಲ್ಲಿಯ ಕೃಷಿಕರ ದೊಡ್ಡ ಕೆಲಸ. ಮೇಲಿನ ಗದ್ದೆ ಬೆಟ್ಟು, ನಡುವಿನದು ಮಜಲು, ತೀರಾ ಕೆಳಗಿನದು ಬೈಲು. ಗುಡ್ಡದ ನೀರೆಲ್ಲ ಬೈಲಿಗೆ ಇಳಿದು, ಗದ್ದೆಯಿಂದ ಗದ್ದೆಗೆ ದಾಟಿ ತೋಡು, ಅಂದರೆ ಸಣ್ಣ ಹಳ್ಳ, ಸೇರಬೇಕು. ನೀವು ಬರೆದದ್ದು ನೋಡಿದರೆ ಅಕ್ಕನ ಗದ್ದೆಯ ನೀರು ನಿಮ್ಮ ಲೇಔಟಿನ ಜಾಗ ದಾಟಿಯೇ ಹೋಗುತ್ತಿತ್ತು. ಅಲ್ಲಿ ಕೆಂಪು ಮಣ್ಣು ತುಂಬಿಸಿ, ಮೇಲೆ ಕಲ್ಲಿನ ಗೋಡೆ ಎಬ್ಬಿಸಿದರೆ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಉಳಿಯುವುದು ಹೇಗೆ?

ಇದು ಬರೀ ನೆರೆಹೊರೆಯ ಮರ್ಯಾದೆಯ ಪ್ರಶ್ನೆಯಲ್ಲ. ಮೇಲಿನ ಜಾಗದ ನೀರು ಸಹಜವಾಗಿ ಇಳಿದು ಹೋಗುವುದಕ್ಕೆ ಕೆಳಗಿನ ಜಾಗದವರು ಎಡೆ ಬಿಡಬೇಕು ಎನ್ನುವುದು 1882ರ ಈಸ್‌ಮೆಂಟ್ ಕಾಯ್ದೆಯಲ್ಲೇ ಇದೆ. ಅಕ್ಕ ದೂರು ಕೊಟ್ಟರೆ ಸಂಘದ್ದಕ್ಕಿಂತ ಗಟ್ಟಿ ದೂರು ಅವರದ್ದೇ. ಅವರು ಕೊಟ್ಟಿಲ್ಲ, ಮಾತು ಮಾತ್ರ ಬಿಟ್ಟಿದ್ದಾರೆ. ಕಾರ್ಯದರ್ಶಿಗಳಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಿ.

ಬಾವಿಯ ವಿಷಯವನ್ನೂ ಎತ್ತಿ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲ ಇದು. ಮಳೆಗಾಲದಲ್ಲಿ ಬಾವಿ ತುಂಬುತ್ತದೆ, ಏಪ್ರಿಲ್ ಮೇ ಬಂತೆಂದರೆ ತಳ ಕಾಣುತ್ತದೆ. ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ಇಂಗಿ ಸುತ್ತಲಿನ ಬಾವಿಗಳಿಗೆ ಸೇರುತ್ತದೆ. ಮಳೆ ಕಳೆದ ಮೇಲೆ ತೋಡಿಗೆ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಹಾಕುವುದೂ ಇದಕ್ಕೇ. ಅಕ್ಕ ಬೇಸಾಯ ಬಿಟ್ಟು, ಆ ಗದ್ದೆಗೂ ಮಣ್ಣು ಬಿದ್ದರೆ ಟ್ಯಾಂಕರ್‌ಗೆ ಕಾಯುವವರು ಯಾರು? ನೀವೇ ಅಲ್ವಾ?

‘ಮಾರಬಾರದೇ’ ಎನ್ನುವ ಮಾತಿಗೆ ಬರುತ್ತೇನೆ. ಮಾರಿದವರನ್ನು ನಾನು ಬೈಯುವುದಿಲ್ಲ. ಆಳು ಸಿಗುವುದಿಲ್ಲ, ಹಂದಿ ನವಿಲುಗಳ ಕಾಟ, ಪಾಲು ಕೇಳುವ ಅಣ್ಣತಮ್ಮಂದಿರು ಮುಂಬೈಯಲ್ಲಿ. ನಾಳೆ ಅಕ್ಕನೂ ಮಾರಬಹುದು. ಭೂಸುಧಾರಣೆ ಕಾಯ್ದೆಯ 1974ರ ತಿದ್ದುಪಡಿಯ ನಂತರ ಈ ಜಿಲ್ಲೆಯ ಎಷ್ಟೋ ಗೇಣಿದಾರರ ಮನೆಗಳಿಗೆ ಡಿಕ್ಲರೇಷನ್ (ಗೇಣಿ ಹಕ್ಕಿನ ಅರ್ಜಿ) ಹಾಕಿ, ಭೂನ್ಯಾಯ ಮಂಡಳಿ ಎನ್ನುವ ಟ್ರಿಬ್ಯುನಲ್‌ಗೆ ಅಲೆದು ಗದ್ದೆ ಸಿಕ್ಕಿದ್ದು. ಅಕ್ಕನ ಅತ್ತೆ ಮಾವನೂ ಹಾಗೆ ಅಲೆದವರೋ ಏನೋ, ಒಮ್ಮೆ ಕೇಳಿ ನೋಡಿ. ಮಾರುವುದಾದರೆ ಅವರಾಗಿ ಮಾರಲಿ. ನೀರು ನಿಲ್ಲಿಸಿ ಬೆಳೆ ಕೊಳೆಸಿ, ಮೇಲೆ ದೂರು ಕೊಟ್ಟು, ಆಮೇಲೆ ‘ಯಾಕೆ ಹಟ’ ಎಂದು ಕೇಳುವುದು ನನಗಂತೂ ಸರಿ ಕಾಣುವುದಿಲ್ಲ.

ನೊಣ ಸುಳ್ಳಲ್ಲ, ಗೊತ್ತು. ಗೊಬ್ಬರದ ಗುಂಡಿಯನ್ನು ಆಚೆ ಬದಿಗೆ ಹಾಕಲು, ಗೋಬರ್ ಗ್ಯಾಸ್ ಮಾಡಿಸಲು ಕೇಳಬಹುದು. ಸಂಘದವರು ಖರ್ಚಿಗೆ ಒಂದಿಷ್ಟು ಸೇರಿಸಿದರೂ ನಷ್ಟವಿಲ್ಲ. ಆದರೆ ಅದು ಎರಡನೇ ಮಾತು. ಮೊದಲು ಗಂಡ ಹೆಂಡತಿ ಇಬ್ಬರೂ ಅವರ ಮನೆಗೆ ಹೋಗಿ. ‘ಕಾಂಪೌಂಡಿನಿಂದ ನಿಮ್ಮ ಬೆಳೆ ಹೋಯಿತು, ಎಲ್ಲಿ ಒಡೆದು ಮೋರಿ ಇಟ್ಟರೆ ನೀರು ಹೋಗುತ್ತದೆ ತೋರಿಸಿ’ ಎಂದು ನಿಮ್ಮ ಗಂಡನೇ ಕೇಳಲಿ. ತುಳು ಬರುವುದಿಲ್ಲ ಎಂದು ಹಿಂಜರಿಯಬೇಡಿ, ಅವರಿಗೆ ಕನ್ನಡ ಬಂದೇ ಬರುತ್ತದೆ. ಹಳೆಯ ತೋಡು ಎಲ್ಲಿತ್ತು ಎಂದು ಗ್ರಾಮ ನಕ್ಷೆಯಲ್ಲೂ ನೋಡಿ. ಸರಕಾರಿ ತೋಡಿನ ಮೇಲೆಯೇ ಗೋಡೆ ಕೂತಿದ್ದರೆ ಲೇಔಟ್ ಮಾಡಿದವರನ್ನೂ ಕರೆಸಬೇಕಾಗುತ್ತದೆ, ಖರ್ಚಿನಲ್ಲಿ ಅವರ ಪಾಲೂ ಬರಲಿ. ಸಂಘದಲ್ಲಿ ಒಂದಿಬ್ಬರು ತಕರಾರು ತೆಗೆಯುತ್ತಾರೆ, ತೆಗೆಯಲಿ. ಪತ್ತನಾಜೆಯ ಒಳಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ, ಕೆಲಸ ಮುಗಿಸಿ. ಮಳೆ ಹಿಡಿದ ಮೇಲೆ ಆ ಕೆಸರಿಗೆ ಜೆಸಿಬಿ ಇಳಿಯುವುದಿಲ್ಲ.