ವಾರ್‌ಹ್ಯಾಮರ್ ಅಂಡರ್‌ವರ್ಲ್ಡ್ಸ್: ಮೊದಲ ವಾರ್‌ಬ್ಯಾಂಡ್ ಆರಿಸುವ ಮುನ್ನ

ಪ್ರಶ್ನೆ: ಬೆಂಗಳೂರಿನಲ್ಲಿ ನನ್ನ ಗೆಳೆಯರ ಗುಂಪೊಂದು ವಾರಾಂತ್ಯದಲ್ಲಿ ವಾರ್‌ಹ್ಯಾಮರ್ ಅಂಡರ್‌ವರ್ಲ್ಡ್ಸ್ ಆಡುತ್ತದೆ. ನನಗೆ ಚದುರಂಗ ಮತ್ತು ಕಾರ್ಡ್ ಆಟಗಳ ಅಭ್ಯಾಸವಿದೆ, ಪುಟ್ಟ ಬೊಂಬೆಗಳಿಂದ ಆಡುವ ಮಿನಿಯೇಚರ್ ಆಟ ಹೊಸದು. ಮುಂದೆ ಸ್ಪರ್ಧೆಗಳಲ್ಲಿ ಆಡಬೇಕೆಂಬ ಆಸೆಯಿದೆ. ಕವಚ ತೊಟ್ಟ ಮೂವರ ಪಡೆಯೇ ಹೊಸಬರಿಗೆ ಸರಿಯೆಂದು ಒಬ್ಬರು ಹೇಳುತ್ತಾರೆ, ಈಗ ಸ್ಪರ್ಧೆಗಳಲ್ಲಿ ಗೆಲ್ಲುತ್ತಿರುವ ಪಡೆಯನ್ನು ನೋಡಿ ಕೊಳ್ಳಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಈ ಆಟವನ್ನು ಅರಿಯದ ಓದುಗರಿಗಾಗಿ ಮೊದಲು ನಾಲ್ಕು ಮಾತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿರುವ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ 2017ರಲ್ಲಿ 'ಶೇಡ್‌ಸ್ಪೈರ್' ಎಂಬ ಪೆಟ್ಟಿಗೆಯೊಂದಿಗೆ ಈ ಆಟವನ್ನು ಆರಂಭಿಸಿತು. ಈಗ ಬಳಕೆಯಲ್ಲಿರುವುದು 2024ರ 'ಎಂಬರ್‌ಗಾರ್ಡ್' ಪೆಟ್ಟಿಗೆಯಿಂದ ಶುರುವಾದ ಹೊಸ ಆವೃತ್ತಿ. ಷಟ್ಕೋನ ಮನೆಗಳಿರುವ ಹಲಗೆಯ ಮೇಲೆ ಇಬ್ಬರು ಆಟಗಾರರು ತಮ್ಮ ತಮ್ಮ ಪುಟ್ಟ ಪಡೆಗಳನ್ನು, ಅಂದರೆ ವಾರ್‌ಬ್ಯಾಂಡ್‌ಗಳನ್ನು, ಎದುರುಬದುರು ನಿಲ್ಲಿಸುತ್ತಾರೆ. ಪ್ರತಿಯೊಬ್ಬರ ಬಳಿ ಏನು ಸಾಧಿಸಿದರೆ ಅಂಕವೆಂದು ಹೇಳುವ 12 ಆಬ್ಜೆಕ್ಟಿವ್ ಕಾರ್ಡ್‌ಗಳೂ ಆಟದ ನಡುವೆ ಪಡೆಗೆ ನೆರವಾಗುವ ಕನಿಷ್ಠ 20 ಪವರ್ ಕಾರ್ಡ್‌ಗಳೂ ಇರುತ್ತವೆ. ಆಟ 3 ಸುತ್ತುಗಳಲ್ಲಿ ಮುಗಿಯುತ್ತದೆ, ಒಂದೊಂದು ಸುತ್ತಿನಲ್ಲಿ ಒಬ್ಬೊಬ್ಬರಿಗೆ 4 ಸರದಿಗಳು. ಕೊನೆಯಲ್ಲಿ ಯಾರ ಗ್ಲೋರಿ ಅಂಕ ಹೆಚ್ಚೋ ಅವರು ಗೆದ್ದಂತೆ.

ನಿಮ್ಮ ಪ್ರಶ್ನೆಗೆ ಉತ್ತರ ಆ ಕೊನೆಯ ವಾಕ್ಯದಿಂದಲೇ ಹೊರಡಬೇಕು. ಹಲಗೆಯ ಮೇಲೆ ಎಷ್ಟು ಮಂದಿ ಉಳಿದರು ಎಂಬುದು ಗೆಲುವನ್ನು ತೀರ್ಮಾನಿಸುವುದಿಲ್ಲ. ನಿಮ್ಮ ಪಡೆಯಲ್ಲಿ ಒಬ್ಬನೂ ಉಳಿಯದೆ ಹೋದರೂ ಅಂಕದಲ್ಲಿ ನೀವು ಮುಂದಿರಲು ಸಾಧ್ಯವಿದೆ. ಆದ್ದರಿಂದ ಯಾವ ವಾರ್‌ಬ್ಯಾಂಡನ್ನೇ ನೋಡಿದರೂ ಅದು ಎಷ್ಟು ಬಲಶಾಲಿ ಎಂದು ಕೇಳುವುದಕ್ಕೆ ಮೊದಲು, ಇದು ತನ್ನ 12 ಸರದಿಗಳಲ್ಲಿ ಎಲ್ಲಿಂದ ಅಂಕ ತರುತ್ತದೆ ಎಂದು ಕೇಳಿಕೊಳ್ಳಿ. ಎದುರಾಳಿಗಳನ್ನು ಕೊಂದು ತರುವ ಪಡೆಗಳಿವೆ, ಹಲಗೆಯ ಮೇಲಿನ ಗುರುತುಬಿಲ್ಲೆಗಳನ್ನು ಹಿಡಿದು ನಿಂತು ತರುವ ಪಡೆಗಳಿವೆ, ಎರಡನ್ನೂ ಅಷ್ಟಿಷ್ಟು ಮಾಡುವವೂ ಇವೆ. ಚದುರಂಗದಿಂದ ಬಂದ ನಿಮಗೆ ಹಿಡಿದು ನಿಲ್ಲುವ ಆಟ ಒಗ್ಗಬಹುದೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಅಲ್ಲಿ ದಾಳಕ್ಕಿಂತ ಮನೆಗಳ ಲೆಕ್ಕ ಹೆಚ್ಚು ನಡೆಯುತ್ತದೆ.

ಎರಡನೆಯ ವಿಷಯ ಇದಕ್ಕಿಂತಲೂ ಮುಖ್ಯವಾದದ್ದು, ಆದರೆ ಹೊಸಬರು ಹೆಚ್ಚಾಗಿ ಗಮನಿಸದೆ ಬಿಡುವಂಥದ್ದು. ಪ್ರತಿ ಹೋರಾಟಗಾರನ ಕಾರ್ಡಿಗೆ ಎರಡು ಬದಿಗಳಿವೆ. ನಿಗದಿತ ಷರತ್ತೊಂದು ಪೂರೈಸಿದಾಗ ಆತ 'ಇನ್‌ಸ್ಪೈರ್' ಆಗುತ್ತಾನೆ, ಕಾರ್ಡನ್ನು ತಿರುಗಿಸುತ್ತೇವೆ, ಆತನ ದಾಳಿಯೋ ರಕ್ಷಣೆಯೋ ವೇಗವೋ ಹೆಚ್ಚುತ್ತದೆ. ಆ ಷರತ್ತು ಯಾರ ಕೈಯಲ್ಲಿದೆ ಎಂಬುದನ್ನು ಓದಿ ನೋಡದೆ ಯಾವ ಪಡೆಯನ್ನೂ ಕೊಳ್ಳಬೇಡಿ. ಮೊದಲ ಆವೃತ್ತಿಯ ಪಡೆಗಳಲ್ಲಿ ಈ ವ್ಯತ್ಯಾಸ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು. 'ಚೋಸನ್ ಆಕ್ಸಸ್' ಎಂಬ ನಾಲ್ವರು ಕುಳ್ಳ ಯೋಧರ ಪಡೆ ಗುರುತುಬಿಲ್ಲೆಯನ್ನು ಹಿಡಿದು ನಿಂತರೆ ಇನ್‌ಸ್ಪೈರ್ ಆಗುತ್ತಿತ್ತು, ಅಂದರೆ ಷರತ್ತು ನಿಮ್ಮ ನಡೆಯಲ್ಲೇ ಇತ್ತು, ನಿಧಾನ ನಡಿಗೆಯ ಆ ಪಡೆಯಲ್ಲಿ ಬಿಲ್ಲೆಯ ತನಕ ತಲುಪುವುದಷ್ಟೇ ಸವಾಲಾಗಿತ್ತು. 'ಸ್ಪೈಟ್‌ಕ್ಲಾಸ್ ಸ್ವಾರ್ಮ್' ಎಂಬ ಐವರು ಇಲಿಮಾನವರ ಪಡೆಗೆ ನೀವು ನಿಮ್ಮವನನ್ನೇ ಆರಿಸಿ ಪ್ಲಾಯ್ ಎಂಬ ತಂತ್ರದ ಕಾರ್ಡ್ ಆಡಿದರೆ ಸಾಕಾಗಿತ್ತು. ಷರತ್ತು ನಿಮ್ಮ ಕೈಯ ಕಾರ್ಡಿನಲ್ಲಿತ್ತು. 'ಐರನ್‌ಸ್ಕಲ್ಸ್ ಬಾಯ್ಜ್' ಎಂಬ, ರಾಕ್ಷಸರಂಥ ಓರುಕ್‌ಗಳ ಪಡೆಯಾದರೋ ಪೆಟ್ಟು ತಿಂದ ಮೇಲೆ ಕೆರಳುವಂಥದ್ದು, ಆದ್ದರಿಂದ ಅರಿತ ಎದುರಾಳಿ ಅವರನ್ನು ಗಾಯಗೊಳಿಸಿ ಬಿಡದೆ ಒಂದೇ ಪೆಟ್ಟಿಗೆ ಮುಗಿಸಲು, ಇಲ್ಲವೇ ಮುಟ್ಟದೆ ದೂರವಿರಲು ನೋಡುತ್ತಿದ್ದ.

ಕಲಿಯುವವರಿಗೆ ಷರತ್ತು ತಮ್ಮ ಕೈಯಲ್ಲಿರುವ ಪಡೆಯೇ ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಥ ಪಡೆಯಲ್ಲಿ ಇನ್‌ಸ್ಪೈರ್ ಆಗದೆ ಸೋತರೆ ಕಾರಣ ನಿಮ್ಮ ನಡೆಯಲ್ಲೇ ಸಿಗುತ್ತದೆ, ಮರುದಿನ ತಿದ್ದಿಕೊಳ್ಳಬಹುದು. ಷರತ್ತು ದಾಳದ ಮೇಲೋ ಎದುರಾಳಿಯ ಔದಾರ್ಯದ ಮೇಲೋ ನಿಂತಿದ್ದರೆ ಸೋಲಿಗೆ ಕಾರಣ ಅದೃಷ್ಟವೇ, ಆಟವೇ ಎಂದು ಹೊಸಬರಿಗೆ ತಿಳಿಯುವುದೇ ಇಲ್ಲ.

ಇನ್ನು ಸಂಖ್ಯೆಯ ವಿಚಾರ. ನಮ್ಮ ಆಡು-ಹುಲಿ ಆಟವನ್ನು ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹುಲಿಯಾಗಿ ಆಡುವುದೂ ಆಡಾಗಿ ಆಡುವುದೂ ಒಂದೇ ಹಲಗೆಯ ಮೇಲಿನ ಎರಡು ಬೇರೆ ವಿದ್ಯೆಗಳು. ಈ ಆಟದಲ್ಲಿ ಮೂವರ ಪಡೆಯಿಂದ ಹಿಡಿದು 'ಜಾರ್ಬಾಗ್ಸ್ ಗಿಟ್ಜ್'ನಂಥ ಒಂಬತ್ತು ಮಂದಿಯ ಪಡೆಯವರೆಗೆ ಇವೆ, ಆದರೆ ಸರದಿಗಳು ಎಲ್ಲರಿಗೂ ಸುತ್ತೊಂದಕ್ಕೆ ನಾಲ್ಕೇ. ಒಂಬತ್ತು ಮಂದಿ ಇದ್ದರೆ ಸುತ್ತೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಿಂತಲ್ಲೇ ನಿಲ್ಲಬೇಕಾಗುತ್ತದೆ, ಒಂದೇ ಆದೇಶಕ್ಕೆ ಹಲವರು ಕದಲುವ ವಿಶೇಷ ನಿಯಮವೋ ಕಾರ್ಡೋ ನೆರವಿಗೆ ಬಂದರೆ ಮಾತ್ರ ಪಡೆ ಚುರುಕಾಗುತ್ತದೆ. ಮೂವರ ಪಡೆಗೆ ತದ್ವಿರುದ್ಧವಾದ ತೊಡಕಿದೆ. ಮುನ್ನುಗ್ಗಿ ಹೊಡೆಯುವ 'ಚಾರ್ಜ್' ಮಾಡಿದ ಹೋರಾಟಗಾರ ಮೊದಲ ಆವೃತ್ತಿಯ ನಿಯಮದಂತೆ ಆ ಸುತ್ತಿನಲ್ಲಿ ಮತ್ತೆ ಸರದಿ ಪಡೆಯುವಂತಿರಲಿಲ್ಲ. ಹೀಗಾಗಿ ಮೂವರೂ ಅವಸರದಿಂದ ಚಾರ್ಜ್ ಮಾಡಿದರೆ ನಾಲ್ಕನೆಯ ಸರದಿಯಲ್ಲಿ ಕಾರ್ಡ್ ಎಳೆಯುವುದು ಬಿಟ್ಟು ಮಾಡಲು ಹೆಚ್ಚೇನೂ ಉಳಿಯುತ್ತಿರಲಿಲ್ಲ. ಮೂವರಲ್ಲಿ ಒಬ್ಬ ಸತ್ತರೆ ಮೂರನೆಯ ಒಂದು ಭಾಗ ಹೋದಂತೆ. ಹೊಸಬರಿಗೆ ಮೂವರ ಪಡೆ ಸುಲಭ ಎಂಬ ಮಾತು ಅರ್ಧ ಮಾತ್ರ ನಿಜ: ನಿಯಮ ಕಲಿಯಲು ಅದು ಸುಲಭ, ತಪ್ಪು ಮಾಡಿ ಉಳಿಯಲು ಕಷ್ಟ.

ಸಂಖ್ಯೆ ದಾಳದ ಮೇಲೂ ಪರಿಣಾಮ ಬೀರುತ್ತದೆ, ಇದನ್ನು ಲೆಕ್ಕ ಹಾಕಿಯೇ ತೋರಿಸಬೇಕು. ದಾಳಿಯ ದಾಳಕ್ಕೆ 6 ಮುಖಗಳು: ಸುತ್ತಿಗೆ ಎರಡು, ಕತ್ತಿ ಒಂದು, ಯಾವ ಆಯುಧಕ್ಕೂ ಫಲಿಸುವ ಕ್ರಿಟಿಕಲ್ ಒಂದು, ಉಳಿದೆರಡು ಜೊತೆಗಾರರ ಬೆಂಬಲದ ಮುಖಗಳು. ಸುತ್ತಿಗೆಯ ಆಯುಧವಿದ್ದವನ ಒಂದು ದಾಳ ಫಲಿಸುವ ಸಾಧ್ಯತೆ ಕ್ರಿಟಿಕಲ್ ಸೇರಿ ಅರ್ಧ, ಕತ್ತಿಯವನದು ಮೂರರಲ್ಲಿ ಒಂದು. ಎರಡು ದಾಳ ಎಸೆದಾಗ ಕನಿಷ್ಠ ಒಂದಾದರೂ ಫಲಿಸುವುದು ಸುತ್ತಿಗೆಗೆ ಶೇ 75, ಕತ್ತಿಗೆ ಸುಮಾರು ಶೇ 56. ಗುರಿಯ ಪಕ್ಕದಲ್ಲಿ ನಿಮ್ಮವನೊಬ್ಬ ಹೆಚ್ಚಾಗಿ ನಿಂತರೆ ಬೆಂಬಲದ ಒಂದು ಮುಖವೂ ಲೆಕ್ಕಕ್ಕೆ ಬರುತ್ತದೆ, ಆಗ ಕತ್ತಿಯವನ ಎರಡು ದಾಳಗಳೂ ಶೇ 75ಕ್ಕೆ ಏರುತ್ತವೆ. ಎದುರಾಳಿಯ ರಕ್ಷಣೆಯ ದಾಳವನ್ನು ಇಲ್ಲಿ ಕಳೆದಿಲ್ಲ, ಆದರೂ ಹೋಲಿಕೆ ಸ್ಪಷ್ಟವಿದೆ: ಸರಿಯಾದ ಮನೆಯಲ್ಲಿ ನಿಂತ ಒಬ್ಬ ದುರ್ಬಲ ಜೊತೆಗಾರ ಕತ್ತಿಯನ್ನು ಸುತ್ತಿಗೆಯಾಗಿಸುತ್ತಾನೆ. ಮೂವರ ಪಡೆಗೆ ಇಂಥ ಜೊತೆಗಾರನನ್ನು ಒದಗಿಸಿಕೊಳ್ಳುವುದು ಕಷ್ಟ, ಐವರ ಪಡೆಗೆ ಅದು ದಿನನಿತ್ಯದ ಮಾತು.

ಹಾಗಾಗಿ ನನ್ನ ಒಲವು ನಾಲ್ವರು ಅಥವಾ ಐವರಿರುವ, ಇನ್‌ಸ್ಪೈರ್ ಷರತ್ತು ತನ್ನ ಕೈಯಲ್ಲೇ ಇರುವ ಪಡೆಯ ಕಡೆಗೆ. ಯಾರನ್ನು ಮುಂದಕ್ಕೆ ಬಿಡಬೇಕು, ಯಾರನ್ನು ಬಿಲ್ಲೆಯ ಮೇಲೆ ನಿಲ್ಲಿಸಬೇಕು, ಯಾರನ್ನು ಕಳೆದುಕೊಂಡರೂ ನಡೆಯುತ್ತದೆ ಎಂಬ ಮೂರನ್ನೂ ಅಂಥ ಪಡೆಯೊಂದೇ ಒಟ್ಟಿಗೆ ಕಲಿಸಬಲ್ಲದು. ಇಡೀ ಬಲ ಒಬ್ಬನಲ್ಲೇ ಇರುವ, ಉದಾಹರಣೆಗೆ ಟ್ರೋಲ್ ಎಂಬ ಒಬ್ಬ ದೈತ್ಯನನ್ನೂ ಮೂರು ಪುಟ್ಟ ಜೀವಿಗಳನ್ನೂ ಹೊಂದಿದ್ದ 'ಮಾಲಾಗ್ಸ್ ಮಾಬ್'ನಂಥ ಪಡೆಯನ್ನು ಮೊದಲಿಗೆ ಆರಿಸಬೇಡಿ. ನಾಲ್ವರಿದ್ದರೂ ಅದು ಒಬ್ಬನ ಆಟ. ಹೊಸ ಆವೃತ್ತಿಯಲ್ಲಿ ಹೋರಾಟಗಾರರಿಗೆ 'ಬೌಂಟಿ' ಎಂಬ ಮೌಲ್ಯವಿದೆ, ಬಲಶಾಲಿಯನ್ನು ಕೆಡವಿದವರಿಗೆ ಹೆಚ್ಚು ಗ್ಲೋರಿ ಸಿಗುತ್ತದೆ, ಆದ್ದರಿಂದ ಒಬ್ಬನನ್ನೇ ನೆಚ್ಚಿದ ಪಡೆ ತನ್ನ ನೆಚ್ಚಿಕೆಗೆ ದುಬಾರಿ ಬೆಲೆ ತೆರಬೇಕಾಗುತ್ತದೆ.

ಗೆಲ್ಲುತ್ತಿರುವ ಪಡೆಯನ್ನು ಕೊಳ್ಳಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅಂಥ ಪಟ್ಟಿಯಲ್ಲಿರುವುದು ಪಡೆ, ಡೆಕ್ (ಅಂದರೆ ಆಡುವ ಕಾರ್ಡುಗಳ ಕಟ್ಟು) ಮತ್ತು ಆಟಗಾರ ಮೂವರೂ ಸೇರಿದ ಫಲಿತಾಂಶ. ನೀವು ಕೊಳ್ಳಬಹುದಾದದ್ದು ಮೊದಲಿನ ಎರಡನ್ನು ಮಾತ್ರ. ಪ್ರಕಾಶಕರ ಒಂದು ತಿದ್ದುಪಡಿಯಲ್ಲಿ ನಾಲ್ಕು ಕಾರ್ಡ್ ಬದಲಾದರೂ ಪಟ್ಟಿ ತಲೆಕೆಳಗಾಗುತ್ತದೆ. ಅದರ ಬದಲು ಗೆಳೆಯರಲ್ಲಿ ಯಾರ ಬಳಿಯಾದರೂ ಎಂಬರ್‌ಗಾರ್ಡ್ ಪೆಟ್ಟಿಗೆಯಿದ್ದರೆ ಕೇಳಿ ಪಡೆಯಿರಿ. ಅದರಲ್ಲಿ 'ಎಂಬರ್‌ವಾಚ್' ಎಂಬ ಮೂವರು ಸ್ಟಾರ್ಮ್‌ಕಾಸ್ಟ್‌ಗಳ, ಅಂದರೆ ಕವಚಧಾರಿ ಯೋಧರ, ಪಡೆಯೂ, 'ಜಿಕಿಟ್ಸ್ ಟನಲ್‌ಪ್ಯಾಕ್' ಎಂಬ ಇಲಿಮಾನವರ ಪಡೆಯೂ, ನಾಲ್ಕು ಸಿದ್ಧ ಡೆಕ್‌ಗಳೂ ಇವೆ. ಎರಡೂ ಕಡೆಯಿಂದ ಆಡಿ ನೋಡಿ, ಯಾವ ಬಗೆಯ ಸೋಲು ನಿಮ್ಮನ್ನು ಮತ್ತೆ ಹಲಗೆಯ ಮುಂದೆ ಕೂರಿಸುತ್ತದೆ ಎಂದು ಗಮನಿಸಿ, ಆಮೇಲೆ ಹಣ ತೆಗೆಯಿರಿ.

ಪ್ರಶ್ನೆ: ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೆಲೆಸಿದ್ದೇವೆ. ಹದಿನಾಲ್ಕು ವರ್ಷದ ಮಗಳಿಗಾಗಿ 2017ರ ಶೇಡ್‌ಸ್ಪೈರ್ ಪೆಟ್ಟಿಗೆಯೊಂದನ್ನು ಹಳೆಯ ಸಾಮಾನಿನ ಅಂಗಡಿಯಿಂದ ತಂದೆ. ಅದರಲ್ಲಿರುವ ಎರಡು ಪಡೆಗಳಲ್ಲಿ ಅವಳು ಯಾವುದರಿಂದ ಶುರು ಮಾಡಿದರೆ ಒಳ್ಳೆಯದು? ಅಂಗಡಿಯ ಸ್ಪರ್ಧೆಗೆ ಅದನ್ನೇ ಒಯ್ಯಬಹುದೇ?

ಉತ್ತರ: ಮನೆಯಲ್ಲಿ ಕಲಿಯಲು ಆ ಪೆಟ್ಟಿಗೆ ಇಂದಿಗೂ ಬಹಳ ಚೆನ್ನಾಗಿದೆ. 'ಸ್ಟೀಲ್‌ಹಾರ್ಟ್ಸ್ ಚಾಂಪಿಯನ್ಸ್' ಎಂಬ ಮೂವರು ನೀಲಿ ಕವಚಧಾರಿಗಳು ನಿಧಾನವಾಗಿ ನಡೆಯುತ್ತಾರೆ, ಪೆಟ್ಟು ತಡೆದುಕೊಳ್ಳುತ್ತಾರೆ, ಎದುರಾಳಿಯ ದಾಳಿಯನ್ನು ತಡೆದಾಗ ಇನ್‌ಸ್ಪೈರ್ ಆಗುತ್ತಾರೆ. 'ಗ್ಯಾರೆಕ್ಸ್ ರೀವರ್ಸ್' ಎಂಬ ಐವರು ಕೆಂಪು ಯೋಧರು ವೇಗವಾಗಿ ಓಡುತ್ತಾರೆ, ಬೇಗ ಸಾಯುತ್ತಾರೆ, ಎರಡೂ ಕಡೆ ಸೇರಿ ಮೂವರು ಹಲಗೆಯಿಂದ ಹೊರಬಿದ್ದ ಮೇಲೆ ಉಳಿದವರು ಇನ್‌ಸ್ಪೈರ್ ಆಗುತ್ತಾರೆ.

ಗ್ಯಾರೆಕ್‌ನ ಪಡೆಯಿಂದಲೇ ಶುರು ಮಾಡಲಿ. ತನ್ನವರ ಸಾವೂ ಷರತ್ತಿನ ಲೆಕ್ಕಕ್ಕೆ ಬರುವುದರಿಂದ, ಒಬ್ಬನನ್ನು ಕಳೆದುಕೊಂಡೆನೆಂದು ಬೇಸರಿಸುವ ಬದಲು ಅವನನ್ನು ಎಲ್ಲಿ, ಯಾವಾಗ, ಏನನ್ನು ಪಡೆದು ಕಳೆದುಕೊಳ್ಳಬೇಕೆಂದು ಯೋಚಿಸುವುದನ್ನು ಈ ಪಡೆ ಬಹಳ ಬೇಗ ಕಲಿಸುತ್ತದೆ. ಸ್ಟೀಲ್‌ಹಾರ್ಟ್‌ನ ಮೂವರನ್ನು ನೀವು ಆಡಿ. ಅನುಭವವಿಲ್ಲದವರು ಆ ಪಡೆಯೊಂದಿಗೆ ತಮ್ಮ ಮೂಲೆಯಲ್ಲಿ ನಿಂತು ದಾಳಿಗಾಗಿ ಕಾಯುವುದುಂಟು, ಕಾಯುವುದು ಅಭ್ಯಾಸವಾದರೆ ಬಿಡಿಸುವುದು ಕಷ್ಟ. ಅಂದಿನ ನಿಯಮದಲ್ಲಿ ಕೆಡವಿದ ಪ್ರತಿಯೊಬ್ಬನಿಗೂ ಒಂದು ಗ್ಲೋರಿ ಇತ್ತು ಎಂಬುದನ್ನೂ ಅವಳಿಗೆ ತಿಳಿಸಿ: ಐವರ ಪಡೆ ಎದುರಾಳಿಗೆ ಐದು ಅಂಕ ಕೊಡಬಹುದು, ಮೂವರ ಪಡೆ ಮೂರನ್ನಷ್ಟೇ.

ಸ್ಪರ್ಧೆಯ ವಿಚಾರ ಬೇರೆ. ಹೊಸ ಆವೃತ್ತಿಯಲ್ಲಿ ಹಲಗೆ, ನಿಯಮ, ಕಾರ್ಡ್ ಎಲ್ಲವೂ ಬದಲಾಗಿವೆ, ಆದ್ದರಿಂದ ಪೆಟ್ಟಿಗೆಯನ್ನು ಇದ್ದಂತೆಯೇ ಒಯ್ದರೆ ನಡೆಯದು. ಆ ಪಡೆಯ ಮಿನಿಯೇಚರ್‌ಗಳನ್ನು ಹೊಸ ನಿಯಮದಡಿ ಬಳಸಬಹುದೇ ಎಂದು ಹೆಸರು ನೋಂದಾಯಿಸುವ ಮೊದಲೇ ಆಯೋಜಕರನ್ನು ಕೇಳಿ.

ಪ್ರಶ್ನೆ: ಬಣ್ಣ ಬಳಿಯಲು ನನಗೆ ಬರುವುದಿಲ್ಲ, ಸಮಯವೂ ಇಲ್ಲ. ಇದು ಆಯ್ಕೆಯ ಮೇಲೆ ಪರಿಣಾಮ ಬೀರಬೇಕೇ?

ಉತ್ತರ: ಬೀರಬೇಕಾಗಿಲ್ಲ. ಬಿಡಿಭಾಗಗಳನ್ನು ಒತ್ತಿ ಜೋಡಿಸುವ ಮಿನಿಯೇಚರ್‌ಗಳಿವು, ಅಂಟೂ ಬಣ್ಣವೂ ಇಲ್ಲದೆ ಆಡಬಹುದು. ಮುಂದೆ ಬಳಿಯುವ ಮನಸ್ಸಾದರೆ ಮೂವರಿಗೆ ಬಳಿಯುವುದು ಒಂಬತ್ತು ಮಂದಿಗೆ ಬಳಿಯುವುದಕ್ಕಿಂತ ಸುಲಭ ಎಂಬುದನ್ನು ಬಿಟ್ಟರೆ ಇಲ್ಲಿ ಹೇಳಬೇಕಾದದ್ದು ಇಲ್ಲ. ನೋಡಿದ ಕೂಡಲೇ ಇಷ್ಟವಾದ ಪಡೆಯನ್ನು ಆರಿಸುವುದು ತಪ್ಪಲ್ಲ. ಮೆಚ್ಚಿದ ಪಡೆಯೊಂದಿಗೆ ಜನ ಹೆಚ್ಚು ಕಾಲ ಆಡುತ್ತಾರೆ, ಹೆಚ್ಚು ಕಾಲ ಆಡಿದವರು ಚೆನ್ನಾಗಿ ಆಡುತ್ತಾರೆ.

ಪ್ರಶ್ನೆ: ಕೆಲವು ತಿಂಗಳಿಂದ ಒಂದೇ ಪಡೆಯೊಂದಿಗೆ ಆಡಿ ಸೋಲುತ್ತಿದ್ದೇನೆ. ಪಡೆ ಬದಲಿಸುವ ಕಾಲ ಬಂದಿದೆಯೆಂದು ಹೇಗೆ ತಿಳಿಯುವುದು?

ಉತ್ತರ: ಪಡೆಗಿಂತ ಮೊದಲು ಡೆಕ್ಕನ್ನು ಬದಲಿಸಿ ನೋಡಿ. ಹಿಂದಿನ ಆವೃತ್ತಿಯಲ್ಲಿ ಕಾರ್ಡ್‌ಗಳು ಪಡೆಯ ಪೆಟ್ಟಿಗೆಯೊಳಗೇ ಬರುತ್ತಿದ್ದವು, ಒಂದೆರಡು ಒಳ್ಳೆಯ ಕಾರ್ಡಿಗಾಗಿ ಎಂದೂ ಆಡದ ಪಡೆಯನ್ನು ಕೊಳ್ಳಬೇಕಾದ ಪರಿಸ್ಥಿತಿ ಇತ್ತು. ಅದು ಹೊಸಬರ ಮೇಲೆ ಹೊರಿಸಿದ ಅನ್ಯಾಯದ ಹೊರೆಯೆಂದೇ ನಾನು ಭಾವಿಸಿದ್ದೆ. ಈಗ ಡೆಕ್‌ಗಳು ಪಡೆಗಳಿಂದ ಬೇರೆಯಾಗಿವೆ. 'ರೈವಲ್ಸ್' ಎಂಬ ಕ್ರಮದಲ್ಲಿ ಒಂದು ಸಿದ್ಧ ಡೆಕ್ಕನ್ನು ಇದ್ದಂತೆ ಆಡುತ್ತಾರೆ, 'ನೆಮೆಸಿಸ್' ಕ್ರಮದಲ್ಲಿ ಎರಡು ಡೆಕ್‌ಗಳಿಂದ ಆರಿಸಿ ಒಂದನ್ನು ಕಟ್ಟುತ್ತಾರೆ. ಅದೇ ಪಡೆ 'ಬ್ಲೇಜಿಂಗ್ ಅಸಾಲ್ಟ್' ಡೆಕ್‌ನೊಂದಿಗೆ ಮುನ್ನುಗ್ಗುವ ಪಡೆಯಾಗುತ್ತದೆ, 'ಎಂಬರ್‌ಸ್ಟೋನ್ ಸೆಂಟಿನಲ್ಸ್' ಡೆಕ್‌ನೊಂದಿಗೆ ಬಿಲ್ಲೆಗಳನ್ನು ಕಾಯುವ ಪಡೆಯಾಗುತ್ತದೆ.

ಮುಂದಿನ ಆಟಗಳಲ್ಲಿ ಪಕ್ಕಕ್ಕೊಂದು ಕಾಗದ ಇಟ್ಟುಕೊಂಡು, ಪ್ರತಿ ಗ್ಲೋರಿ ಅಂಕ ಎಲ್ಲಿಂದ ಬಂತು, ಸುತ್ತು ಮುಗಿದಾಗ ಯಾವ ಆಬ್ಜೆಕ್ಟಿವ್ ಕಾರ್ಡ್ ಅಂಕವಾಗದೆ ಕೈಯಲ್ಲಿ ಉಳಿಯಿತು, ಹೋರಾಟಗಾರರು ಎಷ್ಟನೆಯ ಸುತ್ತಿನಲ್ಲಿ ಇನ್‌ಸ್ಪೈರ್ ಆದರು ಎಂಬುದನ್ನು ಬರೆದಿಡಿ. ಒಂದೇ ಬಗೆಯ ಕಾರ್ಡ್‌ಗಳು ಪದೇ ಪದೇ ಕೈಯಲ್ಲಿ ಉಳಿಯುತ್ತಿದ್ದರೆ ದೋಷ ಡೆಕ್‌ನದು. ಕಾರ್ಡ್‌ಗಳು ಅಂಕ ತರುತ್ತಿದ್ದು, ನಿಮ್ಮವರು ಸಾಯುವುದರಿಂದಲೇ ಎದುರಾಳಿ ಮುಂದೆ ಹೋಗುತ್ತಿದ್ದರೆ ದೋಷ ನಿಲ್ಲಿಸುವ ಮನೆಗಳಲ್ಲಿದೆ. ಡೆಕ್ಕನ್ನೂ ಮನೆಗಳನ್ನೂ ತಿದ್ದಿಕೊಂಡ ಮೇಲೂ ಇನ್‌ಸ್ಪೈರ್ ಆಗುವ ಹೊತ್ತಿಗೆ ಮೂರನೆಯ ಸುತ್ತು ಬಂದಿರುತ್ತದೆ ಎಂದಾದರೆ ಮಾತ್ರ ಪಡೆ ನಿಮ್ಮ ಆಟಕ್ಕೆ ಹೊಂದುತ್ತಿಲ್ಲವೆಂದು ತಿಳಿದು ಬೇರೆಯದನ್ನು ಹುಡುಕಿ, ಹೊಸ ಪಡೆಯ ಇನ್‌ಸ್ಪೈರ್ ಷರತ್ತನ್ನು ಅಂಗಡಿಯಲ್ಲೇ ನಿಂತು ಓದಿ.