ಬೆಳಗಾದರೆ ಕಾರಿನಡಿ ಒಂದು ಕಲೆ

ಪ್ರಶ್ನೆ: ನನ್ನದು 25 ವರ್ಷ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ದಿನಾ ಬೆಳಿಗ್ಗೆ ಅದರಡಿ ರೂಪಾಯಿ ನಾಣ್ಯದಷ್ಟು ಕಲೆ. ಎಂಜಿನ್ ಬಿಚ್ಚಿಸಬೇಕಾ ಸಾರ್?
– ಓದುಗರೊಬ್ಬರು, ಕೋಲಾರ

ಉತ್ತರ: ಈಗಲೇ ಬೇಡ. ರಾತ್ರಿ ಕಾರಿನಡಿ ಬಿಳಿ ರಟ್ಟು ಹಾಸಿ. ಕಂದು, ಕಪ್ಪು ಹನಿ ಸಾಮಾನ್ಯವಾಗಿ ಎಂಜಿನ್ ಆಯಿಲ್. ಹಸಿರು, ಗುಲಾಬಿ ಆದರೆ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ. ಚಕ್ರದ ಹತ್ತಿರ ತಿಳಿ ಹಳದಿ ಹನಿ ಕಂಡರೆ ಬ್ರೇಕ್ ಆಯಿಲ್ ಇರಬಹುದು, ಆಗ ಕಾರು ತೆಗೆಯಲೇಬೇಡಿ.

ಹನಿ ಬಿದ್ದ ಜಾಗವನ್ನೇ ನಂಬಬೇಡಿ. ಓಡುವಾಗ ಗಾಳಿಗೆ ಆಯಿಲ್ ಹಿಂದಕ್ಕೆ ಹರಿಯುತ್ತದೆ. ನಾನೊಮ್ಮೆ ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ಸೋರದಂತೆ ತಡೆಯುವ ಗ್ಯಾಸ್ಕೆಟ್ ಸುಮ್ನೆ ಬದಲಿಸಿದ್ದೆ. ಸೋರುತ್ತಿದ್ದದ್ದು ಎಂಜಿನ್ ಮೇಲಿನ ಮುಚ್ಚಳ, ವಾಲ್ವ್ ಕವರ್! ಎಂಜಿನ್ ಚೆನ್ನಾಗಿ ಒರೆಸಿ, ನರಸಾಪುರದವರೆಗೆ ಹೋಗಿ ಬನ್ನಿ. ಆಮೇಲೆ ಟಾರ್ಚ್ ಹಿಡಿದು ನೋಡಿ. ಎಲ್ಲಕ್ಕಿಂತ ಮೇಲೆ ಒದ್ದೆಯಾಗಿರುವ ಜಾಗದಿಂದ ಹುಡುಕಲು ಶುರು ಮಾಡಿ. ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ.