ಟೋಪಿ ಬ್ಯಾಡ್ಜ್ ಯುದ್ಧಕಾಲದ್ದೇ?

ಪ್ರಶ್ನೆ: ಹಳೇ ಸಾಮಾನಿನ ಅಂಗಡಿಯಲ್ಲಿ ಬ್ರಿಟಿಷ್ ಮಿಲಿಟರಿ ಪೊಲೀಸರ ಹಿತ್ತಾಳೆಯ ಟೋಪಿ ಬ್ಯಾಡ್ಜ್, ಜೊತೆಗೆ ಕೆಂಪಕ್ಷರದಲ್ಲಿ ‘ಎಂಪಿ’ ಎಂದಿರುವ ಕಪ್ಪು ತೋಳುಪಟ್ಟಿ ಕೊಂಡೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ಬಂದವು ಎಂದರು. ಬ್ಯಾಡ್ಜ್ ಮೇಲೆ ಇಂಗ್ಲಿಷಿನಲ್ಲಿ ‘ರಾಯಲ್ ಮಿಲಿಟರಿ ಪೊಲೀಸ್’ ಎಂದಿದೆ. ಅಸಲಿಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಆ ‘ರಾಯಲ್’ ಪದವೇ ಎಲ್ಲ ಹೇಳುತ್ತದೆ. ಯುದ್ಧದ ಉದ್ದಕ್ಕೂ ಆ ದಳದ ಹೆಸರು ಬರೀ ‘ಕೋರ್ ಆಫ್ ಮಿಲಿಟರಿ ಪೊಲೀಸ್’. ಬ್ಯಾಡ್ಜ್ ಮೇಲೆ ‘ಮಿಲಿಟರಿ ಪೊಲೀಸ್’ ಅಂತಷ್ಟೇ ಇರುತ್ತಿತ್ತು. ದೊರೆ ಆರನೇ ಜಾರ್ಜ್ ‘ರಾಯಲ್’ ಪಟ್ಟ ಕೊಟ್ಟಿದ್ದು 1946ರ ನವೆಂಬರಿನಲ್ಲಿ, ಅಷ್ಟೊತ್ತಿಗೆ ಯುದ್ಧ ಮುಗಿದು ವರ್ಷವೇ ದಾಟಿತ್ತು. ಹಾಗಾಗಿ ಬರ್ಮಾ ಕಥೆ ನಿಲ್ಲುವುದಿಲ್ಲ.

ಹಾಗಂತ ಬ್ಯಾಡ್ಜ್ ನಕಲಿ ಅಂತಲೂ ಅಲ್ಲ, ಯುದ್ಧದ ನಂತರದ ಅಸಲಿ ಇರಬಹುದು. ಮೇಲಿನ ಕಿರೀಟ ನೋಡಿ. ಅದರ ಕಮಾನು ಗುಂಡಗೆ ಮೇಲೆದ್ದಿದ್ದರೆ ದೊರೆಯ ಕಾಲದ್ದು, ನಡುವೆ ತಗ್ಗಿದ್ದರೆ 1952ರಲ್ಲಿ ಪಟ್ಟಕ್ಕೆ ಬಂದ ಎಲಿಜಬೆತ್ ರಾಣಿಯ ಕಾಲದ್ದು. ಆಮೇಲೆ ತಿರುಗಿಸಿ ಹಿಂಬದಿ ನೋಡಿ, ನಾನು ಯಾವಾಗಲೂ ಜಾಸ್ತಿ ಹೊತ್ತು ನೋಡುವುದು ಅದನ್ನೇ. ಅಚ್ಚಿನಲ್ಲಿ ಒತ್ತಿ ಮಾಡಿದ ಬ್ಯಾಡ್ಜ್ ಆದರೆ ಮುಂದೆ ಉಬ್ಬಿದ ಎಲೆ, ಅಕ್ಷರ ಎಲ್ಲ ಹಿಂದೆ ಹಳ್ಳವಾಗಿ ಕಾಣುತ್ತವೆ. ಎರಕ ಹೊಯ್ದ ನಕಲಿನಲ್ಲಿ ಹಿಂಬದಿ ಸಾಮಾನ್ಯವಾಗಿ ಚಪ್ಪಟೆ, ಅಲ್ಲಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತು, ಅಕ್ಷರದ ಅಂಚು ಕರಗಿದ ಬೆಲ್ಲದ ಹಾಗೆ ಮೊಂಡು.

ತೋಳುಪಟ್ಟಿಯ ವಿಷಯ: ಕಪ್ಪು ಬಟ್ಟೆ, ಕೆಂಪು ಅಕ್ಷರ ಯುದ್ಧಕಾಲಕ್ಕೆ ಸರಿಯೇ, ಆದರೆ ಬಣ್ಣವನ್ನಷ್ಟೇ ನಂಬಬೇಡಿ. ಒಳಮಡಿಕೆಯಿಂದ ಒಂದೇ ಒಂದು ಬಿಡಿ ದಾರ ತೆಗೆದು ಚಿಮುಟದಲ್ಲಿ ಹಿಡಿದು ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಕರಗಿ ಗಟ್ಟಿ ಮಣಿಯಾಯಿತೋ, ಅದು ಕೃತಕ ದಾರ, ಹೆಚ್ಚಾಗಿ ಪಾಲಿಯೆಸ್ಟರ್. ಪಾಲಿಯೆಸ್ಟರ್ ದಾರ ಮಾರುಕಟ್ಟೆಗೆ ಬಂದದ್ದೇ ಯುದ್ಧ ಮುಗಿದ ಮೇಲೆ. ನೋಟು ಪರೀಕ್ಷೆ ಮಾಡುವ ನೇರಳೆ ದೀಪವನ್ನೂ ಹಿಡಿಯಬಹುದು. ಹೊಲಿಗೆ ಬೆಳ್ಳಗೆ ಫಳಫಳ ಹೊಳೆದರೆ ಅನುಮಾನ ಪಡಿ. ಆದರೆ ಯಾರಾದರೂ ಈಗಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೆ ನಿಜವಾದ ಹಳೇ ಬಟ್ಟೆಯೂ ಹೊಳೆಯುತ್ತದೆ. ಅದಕ್ಕೇ ದೀಪವೊಂದನ್ನೇ ನೆಚ್ಚಿಕೊಂಡು ತೀರ್ಮಾನಕ್ಕೆ ಬರಬಾರದು.

ಒಂದು ಮಾತು, ದಯವಿಟ್ಟು ಬ್ಯಾಡ್ಜನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ! ಸಂದಿಯಲ್ಲಿ ಕೂತ ಕಪ್ಪು ಹೋದರೆ ಮತ್ತೆ ಬರುವುದಿಲ್ಲ. ಯುದ್ಧಕಾಲದ ಬೆಲೆ ತೆತ್ತಿದ್ದರೆ ಅಂಗಡಿಯವರಿಗೆ ಆ ‘ರಾಯಲ್’ ತೋರಿಸಿ, ದುಡ್ಡು ವಾಪಸ್ ಕೇಳಿ. ಇಟ್ಟುಕೊಳ್ಳುತ್ತೀರಾದರೆ ಹಿಂಬದಿಯ ಫೋಟೋ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ.